ಮೊದಲು ಬ್ರೇಕ್ ಆಯಿಲ್
ಕಾರಿನ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿದೆ. ಬ್ಲೀಡ್ ಮಾಡುವಾಗ, ಅಂದರೆ ಪೈಪಿನಿಂದ ಆಯಿಲ್ ಹೊರಗೆ ಬಿಡುವಾಗ, ಮೊದಲು ಕಂದು ಬಣ್ಣದ ಹಳೇದು ಬಂತು, ಆಮೇಲೆ ತಿಳಿಯಾದ ಹೊಸದು. ರೇಸ್ ಟ್ರ್ಯಾಕ್‌ಗೆ ಹೋಗುವವರು ದೊಡ್ಡ ಕ್ಯಾಲಿಪರ್ (ಚಕ್ರದ ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ) ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ. ನನಗೆ ಮಾತ್ರ ಆಯಿಲ್, ಪ್ಯಾಡ್ ಮೊದಲು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದ್ದರೆ ಒಳಗೆ ಆವಿ ಗುಳ್ಳೆ, ಪೆಡಲ್ ಸ್ಪಂಜಿನ ಹಾಗೆ ಮೆತ್ತಗೆ. ವೇಗ ಎರಡು ಪಟ್ಟಾದರೆ ಬ್ರೇಕ್ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟು, ಅಲ್ವಾ!

ಅಪ್ಪಟ ರೇಸ್ ಪ್ಯಾಡ್ ಬೇಡ ಅಂದುಕೊಂಡೆ. ತಣ್ಣಗಿದ್ದಾಗ ಅದು ಸರಿಯಾಗಿ ಹಿಡಿಯುವುದಿಲ್ಲ. ರಸ್ತೆಯಲ್ಲಿ ಮಗು ಅಡ್ಡ ಬಂದರೆ ಮೊದಲ ಒತ್ತಿಗೇ ಕಾರು ನಿಲ್ಲಬೇಕು. ರಸ್ತೆ, ಟ್ರ್ಯಾಕ್ ಎರಡಕ್ಕೂ ಆಗುವ ಪ್ಯಾಡ್ ಹಾಕಿಸಿದ್ದೇನೆ, ನಾಳೆ ಬೆಡ್ಡಿಂಗ್ ಮಾಡಬೇಕು, ಅಂದರೆ ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸಬೇಕು.