ಏಟು ತಿಂದವನೇ ತೀರ್ಪುಗಾರ

ಯುರೋಪಿನ ಮಧ್ಯಯುಗವನ್ನು ವೇಷಭೂಷಣಗಳೊಡನೆ ಮರಳಿ ಆಡಿ ತೋರಿಸುವ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಮ್’ ಸಂಘದ ಕಾಳಗದ ನಿಯಮಗಳ ಕುರಿತು ಈ ದಿನಗಳಲ್ಲಿ ಯೋಚಿಸುತ್ತಿದ್ದೇನೆ. 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಒಂದು ಮನೆಯ ಹಿತ್ತಲಿನ ಸಂತೋಷಕೂಟದಿಂದ ಹುಟ್ಟಿದ ಈ ಸಂಘದಲ್ಲಿ ಕವಚ ತೊಟ್ಟವರು ಬೆತ್ತದ ಕತ್ತಿಗಳಿಂದ ನಿಜವಾಗಿಯೇ ಹೊಡೆದಾಡುತ್ತಾರೆ. ಆದರೆ ಏಟು ಸರಿಯಾಗಿ ಬಿದ್ದಿತೇ ಎಂಬುದನ್ನು ತೀರ್ಮಾನಿಸುವವನು ಹೊಡೆದವನೂ ಅಲ್ಲ, ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್ ಕೂಡ ಅಲ್ಲ, ಏಟು ತಿಂದವನೇ. ಕಾಲಿಗೆ ಬಿದ್ದರೆ ಮಂಡಿಯೂರಿ ಕಾದಾಡುತ್ತಾನೆ, ತಲೆಗೆ ಬಿದ್ದರೆ ತಾನಾಗಿಯೇ ‘ಸತ್ತು’ ಉರುಳುತ್ತಾನೆ. ಇಂಥದೇ ಪಂದ್ಯಾವಳಿಯಲ್ಲಿ ಗೆದ್ದವನು ಆ ಪ್ರಾಂತ್ಯದ ರಾಜನಾಗುವುದರಿಂದ, ಸುಳ್ಳು ಹೇಳುವ ಆಸೆ ಸಣ್ಣದೇನಲ್ಲ. ಏಟನ್ನು ಒಪ್ಪದ ಹೋರಾಟಗಾರನನ್ನು ಅವರು ಘೇಂಡಾಮೃಗವೆಂದು ಗೇಲಿ ಮಾಡುವುದು ನನಗೆ ಬಹಳ ಹಿಡಿಸಿತು.

ಆದರೆ ಹಾಗೆ ನಡೆದುಕೊಳ್ಳುವವನು ಬಿಳಿಯ ಸೊಂಟಪಟ್ಟಿ ಧರಿಸಿದ ನೈಟ್, ಅಂದರೆ ಸಂಘದಲ್ಲಿ ಉನ್ನತ ಪದವಿ ಪಡೆದ ಹೋರಾಟಗಾರ, ಆಗಿದ್ದರೆ ಅವನನ್ನು ಗೇಲಿ ಮಾಡುವವರು ಯಾರು? ನಿನ್ನೆ ಮೊನ್ನೆ ಸೇರಿದ ಹುಡುಗನಿಗೆ ಆ ಧೈರ್ಯ ಬರಲಾರದು. ಹೊಸ ನೈಟ್‌ಗಳನ್ನು ಆರಿಸುವಾಗ ಹಳೆಯ ನೈಟ್‌ಗಳು ರಾಜನಿಗೆ ಸಲಹೆ ಕೊಡುತ್ತಾರೆ, ಅಭ್ಯರ್ಥಿಯ ಕತ್ತಿವರಸೆಯ ಜೊತೆಗೆ ನಡತೆಯನ್ನೂ ತೂಗುತ್ತಾರೆ. ಪದವಿ ಸಿಗುವ ಮುನ್ನ ಇಷ್ಟು ಕಟ್ಟುನಿಟ್ಟಾಗಿರುವ ಆ ಹಿರಿಯರೇ, ಸಿಕ್ಕ ನಂತರವೂ ತಮ್ಮವನನ್ನು ಪಕ್ಕಕ್ಕೆ ಕರೆದು ನೇರವಾಗಿ ಪ್ರಶ್ನಿಸಬೇಕು, ತಿದ್ದಿಕೊಳ್ಳದಿದ್ದರೆ ಎಲ್ಲರೆದುರೇ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.