ಸುಂಟಿಕೊಪ್ಪದಿಂದ ಮೈಸೂರಿಗೆ, ಪುಟ್ಟಿಯ ಕೆಳದನಿ ಕೇಳುತ್ತಾ

ಡಿಸೆಂಬರ್ ತಿಂಗಳಲ್ಲಿ ಕೊಡಗಿನ ತೋಟದ ಮನೆಯವರು ಊರು ಬಿಟ್ಟು ಹೋಗುವುದು ಕಡಿಮೆ. ಅರೇಬಿಕಾ ಕಾಫಿಯ ಕೊಯ್ಲು ನಡೆಯುತ್ತಿರುತ್ತದೆ. ಕೊಯ್ದ ಹಣ್ಣು ಕಣದಲ್ಲಿ ಒಣಗುತ್ತಿರುತ್ತದೆ. ಆಕಾಶದಲ್ಲಿ ಒಂದು ಮೋಡ ಕಂಡರೂ ಎದೆ ಧಸಕ್ ಅನ್ನುತ್ತದೆ. ಅಂಥದ್ದೇ ಒಂದು ಭಾನುವಾರ, ಬೆಳಿಗ್ಗೆ ಏಳಕ್ಕೆ ನಾನು, ನನ್ನ ಯಜಮಾನರು, ಅತ್ತೆ, ಇಬ್ಬರು ಮಕ್ಕಳು, ಹೀಗೆ ಐದು ಜನ ಓಮ್ನಿ ಹತ್ತಿ ಸುಂಟಿಕೊಪ್ಪದಿಂದ ಮೈಸೂರಿಗೆ ಹೊರಟೆವು. ಮಗಳು ಪುಟ್ಟಿಯ ಶಾಲೆಯ ಕ್ವಾಯರ್, ಅಂದರೆ ಮಕ್ಕಳ ಗಾಯನ ತಂಡ, ಅವತ್ತು ಸಂಜೆ ನಾಲ್ಕಕ್ಕೆ ಅಲ್ಲಿ ಹಾಡಬೇಕಿತ್ತು.

ಹಿಂದಿನ ರಾತ್ರಿ ಇವರು ನಿದ್ದೆ ಮಾಡಿದ್ದು ಕಡಿಮೆ. ಹತ್ತು ದಿನದಿಂದ ಒಣಗಿಸಿದ ಚೆರಿ, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣು, ಕಣದಲ್ಲಿತ್ತು. ಪಕ್ಕದ ತೋಟದ ಅಣ್ಣ, "ನೀವು ಹೋಗಿ ಬನ್ನಿ, ಮಧ್ಯಾಹ್ನ ನಾನು ಕೆದಕ್ತೀನಿ, ಸಂಜೆ ಟಾರ್ಪಾಲು ಮುಚ್ತೀನಿ" ಅಂದ ಮೇಲೆಯೇ ಇವರಿಗೆ ಧೈರ್ಯ ಬಂದದ್ದು. ಅತ್ತೆ ಮಾತ್ರ ವಾರದ ಮೊದಲೇ ಸೀರೆ ಇಸ್ತ್ರಿ ಮಾಡಿಸಿ ಇಟ್ಟಿದ್ದರು. ಅವರಿಗೆ ಎಪ್ಪತ್ತು ದಾಟಿದೆ. ಸೊಂಟ ನೋವು. ಅಷ್ಟು ದೂರ ಕೂರೋಕಾಗುತ್ತಾ ಅಂತ ಕೇಳಿದರೆ, "ನಮ್ಮ ಬೀಸೋ ಪದ ಹಾಡ್ತಾಳಂತೆ ಮಗು, ನಾನು ಹೋಗದೆ ಇನ್ಯಾರು ಹೋಗ್ಬೇಕು?" ಅಂದರು.

ಹೌದು, ಮಕ್ಕಳು ಹಾಡುವ ಮೂರು ಹಾಡುಗಳಲ್ಲಿ ಒಂದು ರಾಗಿ ಬೀಸುವ ಪದ. ಅತ್ತೆಯ ತವರು ಶನಿವಾರಸಂತೆ ಕಡೆ. ಅಲ್ಲಿ ಅವರು ಹುಡುಗಿಯಾಗಿದ್ದಾಗ ನಸುಕಿನಲ್ಲಿ ಎದ್ದು ಅಮ್ಮನ ಎದುರು ಕೂತು ಬೀಸುತ್ತಿದ್ದರು. ಒಂದೇ ಗೂಟವನ್ನು ಇಬ್ಬರೂ ಹಿಡಿದು, ಒಬ್ಬರು ಒಂದು ಸಾಲು ಹೇಳಿದರೆ ಇನ್ನೊಬ್ಬರು ಮುಂದಿನ ಸಾಲು. ಆ ಪದವನ್ನು ಅತ್ತೆ ಈಗಲೂ ಅಡುಗೆ ಮಾಡುವಾಗ ಗುನುಗುತ್ತಾರೆ.

ಊರು ಬಿಡುವಾಗ ಮಂಜು ದಟ್ಟವಾಗಿತ್ತು. ದಾರಿ ಬದಿಯ ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಎಲ್ಲ ಬರೀ ನೆರಳಿನ ಹಾಗೆ. ಇವರು ನಿಧಾನ ಓಡಿಸುತ್ತಿದ್ದರು. ಆನೆಕಾಡಿನ ಕಾಡು ಶುರುವಾದ ಕೂಡಲೇ ಚಿಕ್ಕವನು ಕಿಟಕಿಗೆ ಮೂಗು ಒತ್ತಿ ಕೂತ. ಹೆಸರೇ ಆನೆಕಾಡು. ಅಲ್ಲಿ ಆನೆ ದಾಟುವುದು ನಮಗೆ ಹೊಸದಲ್ಲ. ಅವತ್ತು ರಸ್ತೆಯಲ್ಲಿ ಹಸಿ ಲದ್ದಿ ಮಾತ್ರ ಕಂಡಿತು. ಅಷ್ಟಕ್ಕೇ ಅವನಿಗೆ ಖುಷಿ.

ಅಲ್ಲೇ ಪುಟ್ಟಿ ಹಾಡಲು ಶುರು ಮಾಡಿದ್ದು. ಗಂಟಲು ಬಿಸಿಯಾಗಲಿ ಅಂತ ಮೊದಲು ಬಾಯಿ ಮುಚ್ಚಿ ಗುಂಯ್‌ಗುಟ್ಟಿದಳು. ಆಮೇಲೆ ಬೀಸುವ ಪದ. ಆದರೆ ಅದು ಬೀಸುವ ಪದದ ಹಾಗೆ ಕೇಳುತ್ತಿರಲಿಲ್ಲ. ಕೆಳಗಿನ ಸ್ವರದಲ್ಲಿ ಎರಡೇ ಎರಡು ಮೆಟ್ಟಿಲು ಹತ್ತಿ ಇಳಿದ ಹಾಗೆ. ಮತ್ತೆ ಅದೇ. ಮತ್ತೆ ಅದೇ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಡೆಯಲಾಗಲಿಲ್ಲ. "ರಾಗ ತಪ್ತಿದೀಯಲ್ಲ ಮಗಾ. ಹೀಗೆ ಹೇಳು" ಅಂತ ತಾವೇ ಹಾಡಿ ತೋರಿಸಿದರು. ಪುಟ್ಟಿ ಎರಡು ಕಿವಿಯನ್ನೂ ಮುಚ್ಚಿಕೊಂಡಳು. "ಅಜ್ಜಿ, ಪ್ಲೀಸ್, ನೀವು ಹಾಡಬೇಡಿ! ನಾನು ಜಾರ್ತೀನಿ!" ಅಂದಳು. ಕಣ್ಣಲ್ಲಿ ನೀರೇ ಬಂತು.

ಆ ಮಾತು ಅತ್ತೆಗೆ ಅರ್ಥವಾಗಲಿಲ್ಲ. ನನಗೂ ಮೊದಲು ಅರ್ಥವಾಗಿರಲಿಲ್ಲ. ನಮ್ಮ ಕಡೆ ಹತ್ತು ಜನ ಸೇರಿ ಹಾಡಿದರೂ ರಾಗ ಒಂದೇ. ಸೋಬಾನೆ ಆಗಲಿ, ಭಜನೆ ಆಗಲಿ, ಒಬ್ಬರು ಹೇಳಿದ್ದನ್ನೇ ಉಳಿದವರು ಹೇಳುತ್ತಾರೆ. ಕ್ವಾಯರ್‌ನಲ್ಲಿ ಹಾಗಲ್ಲ. ಮೇಲಿನ ದನಿಯವರು, ಅಂದರೆ ಸೊಪ್ರಾನೊ ಮಕ್ಕಳು, ಹಾಡಿನ ರಾಗ ಹಿಡಿಯುತ್ತಾರೆ. ಆಲ್ಟೊ ಮಕ್ಕಳು ಅದೇ ಹೊತ್ತಿಗೆ ಕೆಳಗೆ ಬೇರೆಯದೇ ಒಂದು ಸಾಲು ಹಾಡುತ್ತಾರೆ. ಎರಡೂ ಕೂಡಿದಾಗಲೇ ಹಾಡು ಪೂರ್ತಿ. ಪುಟ್ಟಿ ಆಲ್ಟೊ. ಪಕ್ಕದಲ್ಲಿ ಗೊತ್ತಿರುವ ರಾಗ ಕೇಳಿಸುತ್ತಿದ್ದರೂ ಅದಕ್ಕೆ ಜಾರದೆ ತನ್ನ ಸಾಲಿನಲ್ಲೇ ನಿಲ್ಲಬೇಕು. ಹತ್ತು ವರ್ಷದ ಮಗುವಿಗೆ ಇದು ಸಣ್ಣ ಕೆಲಸವಲ್ಲ. ಎರಡು ತಿಂಗಳಿಂದ ಅವಳು ನನ್ನ ಫೋನಿನಲ್ಲಿ ಮೇಲಿನ ದನಿಯ ರೆಕಾರ್ಡಿಂಗ್ ಹಾಕಿಕೊಂಡು, ಒಂದು ಕೈ ಕಿವಿಗೆ ಮಡಚಿ ಇಟ್ಟು, ತನ್ನ ದನಿ ತಾನೇ ಕೇಳಿಕೊಳ್ಳುತ್ತಾ ಅಭ್ಯಾಸ ಮಾಡಿದ್ದಾಳೆ. ಮನೆಯಲ್ಲಿ ಮಾತೇ ಆಡದ ಮಗು ಅದು. ಶಾಲೆಯಲ್ಲಿ ಇನ್ನೂ ಕಡಿಮೆ. ಅವಳಿಗೆ ರಾಗದ ಸಾಲು ಸಿಗಲಿಲ್ಲವಲ್ಲ ಅಂತ ನನಗೆ ಒಳಗೊಳಗೇ ಬೇಜಾರಿತ್ತು.

ನಾನು ಇದನ್ನೆಲ್ಲ ಅತ್ತೆಗೆ ಹೇಳಿದೆ. "ಹಾಗಾದ್ರೆ ಇವಳು ಹಾಡ್ತಿರೋದು ಪದ ಅಲ್ಲ, ಪದದ ಕೆಳಗಿನದ್ದು" ಅಂದರು. ನಂಬಿಕೆ ಬಂದಹಾಗೆ ಕಾಣಲಿಲ್ಲ.

ಕುಶಾಲನಗರದಲ್ಲಿ ಮಂಜು ಹರಿಯಿತು. ಮನೆಯಿಂದ ತಂದ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ತಿಂದೆವು. ಪುಟ್ಟಿಗೆ ಟೀಚರ್ ಮೊಸರು, ತಣ್ಣನೆಯದು, ಕರಿದದ್ದು ಎಲ್ಲ ಬೇಡ ಅಂದಿದ್ದರು. ಅತ್ತೆ ಫ್ಲಾಸ್ಕಿನಲ್ಲಿ ನಮ್ಮದೇ ತೋಟದ ಮೆಣಸು ಜಜ್ಜಿ ಹಾಕಿದ ಜೀರಿಗೆ ಕಷಾಯ ತಂದಿದ್ದರು. ಅದನ್ನು ಕುಡಿದ ಮೇಲೆ ಅಜ್ಜಿ ಮೊಮ್ಮಗಳು ರಾಜಿಯಾದರು.

ಊರು ದಾಟಿದ ಕೂಡಲೇ ಕಾವೇರಿ ಸೇತುವೆ. ಆಚೆ ದಡದ ಕೊಪ್ಪ ಮೈಸೂರು ಜಿಲ್ಲೆ. ಅತ್ತೆ ಕೈ ಮುಗಿದರು. ಇಲ್ಲಿಂದ ನದಿ ಕೆ.ಆರ್. ನಗರದ ಕಡೆ ಬಳಸಿಕೊಂಡು ಕೆಆರ್‌ಎಸ್ ಸೇರುತ್ತದೆ. ನಾವು ಪಿರಿಯಾಪಟ್ಟಣ, ಹುಣಸೂರು ಹಿಡಿದು ಹೋಗುತ್ತೇವೆ. ಮೈಸೂರಿನಲ್ಲಿ ನಲ್ಲಿ ತಿರುಗಿಸಿದರೆ ಬರುವುದೂ ಇದೇ ಕಾವೇರಿ ಅಂತ ಚಿಕ್ಕವನಿಗೆ ಹೇಳಿದಾಗ ಅವನು ಹಿಂದೆ ತಿರುಗಿ ನೀರನ್ನೇ ನೋಡುತ್ತಿದ್ದ.

ಬೈಲಕುಪ್ಪೆಯ ಹತ್ತಿರ ಕಂದುಗೆಂಪು ಬಟ್ಟೆಯ ಸಣ್ಣ ಸಣ್ಣ ಭಿಕ್ಷುಗಳು ರಸ್ತೆ ದಾಟುತ್ತಿದ್ದರು. ಟಿಬೆಟಿನಿಂದ ಬಂದವರು ಇಲ್ಲಿ ನೆಲೆಸಲು ಶುರು ಮಾಡಿದ್ದು 1960-61ರಲ್ಲಿ. ನಾವೆಲ್ಲ ಗೋಲ್ಡನ್ ಟೆಂಪಲ್ ಅನ್ನುವ ನಾಮ್‌ಡ್ರೋಲಿಂಗ್ ಮಠ 1963ರದ್ದು. ಹೋದ ವರ್ಷ ಅಲ್ಲಿ ಭಿಕ್ಷುಗಳು ಒಟ್ಟಿಗೆ ಕೂತು ಮಂತ್ರ ಹೇಳುವುದನ್ನು ಕೇಳಿದ್ದೆವು. ಪುಟ್ಟಿಗೆ ಅದು ನೆನಪಿತ್ತು. "ಅಮ್ಮ, ಅವರೆಲ್ಲ ಒಂದೇ ದನೀಲಿ ಹೇಳ್ತಾರಲ್ವಾ? ನೆಲದ ಒಳಗಿಂದ ಬಂದ ಹಾಗೆ. ನಂಗೆ ಆ ಥರ ಕೆಳಗೆ ಹಾಡೋದು ಇಷ್ಟ" ಅಂದಳು. ನಾನು ಏನೂ ಹೇಳಲಿಲ್ಲ. ಆಲ್ಟೊ ಅಂದರೆ ಅವಳಿಗೆ ಬೇಜಾರೇ ಇಲ್ಲ ಅಂತ ಆಗಲೇ ಗೊತ್ತಾದದ್ದು.

ಪಿರಿಯಾಪಟ್ಟಣ ದಾಟಿದರೆ ಬೇರೆಯೇ ನೆಲ. ಬಯಲು, ಬಿಸಿಲು. ಹೊಗೆಸೊಪ್ಪು ಬೇಯಿಸುವ ಎತ್ತರದ ಬ್ಯಾರನ್‌ಗಳು. ರಾಗಿ ಕೊಯ್ಲು ಮುಗಿದು ಮೆದೆ ಒಟ್ಟಿದ್ದರು. ಒಂದು ಕಡೆ ಹುರುಳಿಯನ್ನು ರಸ್ತೆಗೇ ಹರಡಿದ್ದರು, ಗಾಡಿಗಳು ತುಳಿದು ಹೋಗಲಿ ಅಂತ. ಇವರು ಒಂದು ಗಳಿಗೆ ಆ ಕಡೆ ನೋಡಿ, ಮೊಬೈಲ್ ತೆಗೆದು ನನ್ನ ಕೈಗೆ ಕೊಟ್ಟರು. "ಅಣ್ಣಂಗೆ ಫೋನ್ ಮಾಡು, ಮೋಡ ಇದೆಯಾ ಕೇಳು." ಮೋಡ ಇರಲಿಲ್ಲ.

ಹುಣಸೂರಿನಲ್ಲಿ ನಿಜವಾದ ಗಾಬರಿ. ಪುಟ್ಟಿಯ ಬಿಳಿ ಶರ್ಟು, ನೀಲಿ ಸ್ಕರ್ಟು, ರಿಬ್ಬನ್ ಎಲ್ಲ ಇದೆ. ಕಪ್ಪು ಶೂ ಇಲ್ಲ. ಮನೆಯ ಜಗಲಿಯಲ್ಲೇ ಉಳಿದಿದೆ. ಭಾನುವಾರ ಬೆಳಿಗ್ಗೆ, ಶಟರ್‌ಗಳೆಲ್ಲ ಇಳಿದಿವೆ. ಒಂದು ಚಪ್ಪಲಿ ಅಂಗಡಿಯವರು ಮೇಲಿನ ಮನೆಯಲ್ಲೇ ಇದ್ದರು. ವಿಷಯ ಕೇಳಿ ಲುಂಗಿಯಲ್ಲೇ ಇಳಿದು ಬಂದು ಶಟರ್ ಎತ್ತಿದರು. ಪುಟ್ಟಿಯ ಅಳತೆಯದ್ದು ಇರಲಿಲ್ಲ, ಒಂದು ಸೈಜು ದೊಡ್ಡದಿತ್ತು. ಮುಂದೆ ಹತ್ತಿ ತುರುಕಿ ಕೊಟ್ಟರು. "ಚೆನ್ನಾಗಿ ಹಾಡು ಮರಿ" ಅಂದರು. ಆ ಮನುಷ್ಯನನ್ನು ನಾನು ಮರೆಯುವುದಿಲ್ಲ.

ಇಲವಾಲ ದಾಟುವಾಗ ಚಾಮುಂಡಿ ಬೆಟ್ಟ ಕಂಡಿತು. ಹನ್ನೊಂದಕ್ಕೆ ಮೈಸೂರು. ಪುಟ್ಟಿಯನ್ನು ಟೀಚರ್ ಕೈಗೆ ಒಪ್ಪಿಸಿದೆವು. ಅಪ್ಪ ಅಮ್ಮಂದಿರು ನಾಲ್ಕು ಗಂಟೆಯವರೆಗೆ ಒಳಗೆ ಬರುವಂತಿಲ್ಲ. ಊಟ ಮಾಡಿ ಸೇಂಟ್ ಫಿಲೋಮಿನಾ ಚರ್ಚಿಗೆ ಹೋಗಿ ಬಂದೆವು. 1933ರಲ್ಲಿ ಕಟ್ಟಲು ಶುರು ಮಾಡಿದ್ದು, ಎರಡು ಗೋಪುರ, ಒಂದೊಂದೂ 175 ಅಡಿ. ಕ್ರಿಸ್‌ಮಸ್‌ಗೆ ಗೋದಲಿ ಸಿದ್ಧ ಮಾಡುತ್ತಿದ್ದರು.

ಸಭಾಂಗಣದ ಹೊರಗೆ ಕಾಯುವಾಗ ಬೇರೆ ತಂಡದ ಒಬ್ಬ ಹಿರಿಯ ಸಂಗೀತ ಮೇಷ್ಟ್ರು ಮಾತಿಗೆ ಸಿಕ್ಕಿದರು. ಕ್ವಾಯರ್ ಎಲ್ಲ ನಮ್ಮ ಊರಿಗೆ ಹೊಸದಲ್ವಾ ಅಂದೆ. ಅವರು ಜಯಚಾಮರಾಜ ಒಡೆಯರ್ ಕಥೆ ಹೇಳಿದರು. ಮೈಸೂರಿನ ಕೊನೆಯ ಮಹಾರಾಜರು ಪಿಯಾನೊ ಕಲಿತವರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾದವರು. ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ, ಅವರ ಸಂಗೀತ ರೆಕಾರ್ಡ್ ಆಗಲಿ ಅಂತ ಹಣ ಕೊಟ್ಟವರು. ಅದೇ ಮಹಾರಾಜರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. "ಅರಮನೆಯಲ್ಲಿ ಎರಡೂ ಬ್ಯಾಂಡ್ ಇತ್ತು, ಕರ್ನಾಟಕದ್ದೂ ಇಂಗ್ಲಿಷಿನದ್ದೂ. ಇದು ಮೈಸೂರಿಗೆ ಹೊರಗಿನದ್ದಲ್ಲ" ಅಂದರು. ಅತ್ತೆ ಕಿವಿ ಕೊಟ್ಟು ಕೇಳುತ್ತಿದ್ದರು.

ನಾಲ್ಕಕ್ಕೆ ಬಾಗಿಲು ತೆರೆಯಿತು. ಮೊದಲು ಎಲ್ಲ ತಂಡದ ಮಕ್ಕಳೂ ಸೇರಿ ನಾಡಗೀತೆ ಹಾಡಿದರು. ಸರ್ಕಾರ 2022ರಲ್ಲಿ ನಿಗದಿ ಮಾಡಿದ ಹಾಗೆ ಎರಡೂವರೆ ನಿಮಿಷ. ನಮ್ಮ ಮಕ್ಕಳು ಮೂರನೆಯವರು. ಇಪ್ಪತ್ತಾರು ಮಕ್ಕಳು, ಮೂರು ಸಾಲು. ಪುಟ್ಟಿ ಬಲಗಡೆ, ಮಧ್ಯದ ಸಾಲಿನಲ್ಲಿ. ದೊಡ್ಡ ಶೂ ಹಾಕಿಕೊಂಡು ಕಾಲು ಜೋಡಿಸಿ ನಿಂತಿದ್ದಳು.

ಕೀಬೋರ್ಡಿನಲ್ಲಿ ಒಂದೇ ಒಂದು ಸ್ವರ ಬಂತು. ಟೀಚರ್ ಕೈ ಎತ್ತಿದರು. ಬಲಗಡೆಯ ಮಕ್ಕಳು ಮಾತ್ರ ಶುರು ಮಾಡಿದರು. ಬೆಳಿಗ್ಗೆ ಆನೆಕಾಡಿನಲ್ಲಿ ಕೇಳಿದ ಅದೇ ಸಾಲು. ಎರಡು ಮೆಟ್ಟಿಲು ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು. ನಡುವೆ ಉಸಿರು ಎಲ್ಲೂ ಕಡಿಯಲಿಲ್ಲ. ಅಕ್ಕಪಕ್ಕದವರು ಒಂದೇ ಜಾಗದಲ್ಲಿ ಉಸಿರು ತೆಗೆಯಬಾರದು ಅಂತ ಅವರಿಗೆ ಕಲಿಸಿದ್ದಾರೆ. ಅದಕ್ಕೇ ಆ ಸದ್ದು ತಿರುಗುತ್ತಲೇ ಇತ್ತು. ಸುಮಾರು ಹೊತ್ತು ಅಷ್ಟೇ. ಆಮೇಲೆ ಅದರ ಮೇಲೆ, ಎಡಗಡೆಯ ಮಕ್ಕಳು ಪದ ಎತ್ತಿಕೊಂಡರು.

ನನ್ನ ಪಕ್ಕದಲ್ಲಿ ಏನೋ ಅಲುಗಾಡಿದ ಹಾಗಾಯಿತು. ನೋಡಿದರೆ ಅತ್ತೆಯ ಬಲಗೈ. ಮಡಿಲ ಮೇಲೆ ದುಂಡಗೆ ತಿರುಗುತ್ತಿತ್ತು. ಗೂಟ ಹಿಡಿದ ಹಾಗೆ ಮುಷ್ಟಿ ಕಟ್ಟಿದ್ದರು. ನನ್ನ ಕಿವಿಯ ಹತ್ತಿರ ಬಗ್ಗಿ, "ಕಲ್ಲು ಕಣೇ ಅದು. ಬೀಸೋ ಕಲ್ಲಿನ ಸದ್ದು" ಅಂದರು.

ಆಮೇಲೆ ನನಗೆ ಕೇಳಿಸಿದ್ದು ಕಲ್ಲೇ. ಎರಡು ತಿಂಗಳು ಮನೆಯಲ್ಲಿ ಕೇಳಿ ಕೇಳಿ ನಾನು ಗುರುತು ಹಿಡಿಯದೆ ಬಿಟ್ಟದ್ದು. ನಾನು ಬೀಸಿದವಳಲ್ಲ, ನನಗೆ ಗೊತ್ತಾಗುವುದಾದರೂ ಹೇಗೆ? ಪದ ಮುಗಿಯುವ ಹೊತ್ತಿಗೆ ಮೇಲಿನ ದನಿ ನಿಂತಿತು. ಕೆಳಗಿನದು ಇನ್ನೂ ಎರಡು ಸುತ್ತು ಬಂದು, ನಿಧಾನವಾಗಿ ನಿಂತಿತು. ಜನ ಒಂದು ಗಳಿಗೆ ತಡೆದು ಚಪ್ಪಾಳೆ ತಟ್ಟಿದರು. ಅತ್ತೆ ತಟ್ಟಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡರು. ಮೂರನೆಯದು ಕ್ರಿಸ್‌ಮಸ್ ಹಾಡು, ಅದೂ ಚೆನ್ನಾಗಿತ್ತು. ನನ್ನ ಮನಸ್ಸು ಮಾತ್ರ ಅಲ್ಲಿರಲಿಲ್ಲ.

ಹೊರಗೆ ಪುಟ್ಟಿ ಓಡಿ ಬಂದಾಗ ಅತ್ತೆ ಅವಳ ಗಲ್ಲ ಹಿಡಿದರು. "ಬೆಳಿಗ್ಗೆ ನಾನು ತಪ್ಪು ಹೇಳ್ದೆ ಮಗಾ. ನೀನು ಸರಿಯಾಗೇ ಹಾಡ್ತಿದ್ದೆ."

ಭಾನುವಾರ ಅಲ್ವಾ, ಏಳು ಗಂಟೆಗೆ ಅರಮನೆಯ ದೀಪ ಹಚ್ಚುತ್ತಾರೆ. ಅದನ್ನು ನೋಡಿಯೇ ಹೊರಡೋಣ ಅಂತ ಚಿಕ್ಕವನ ಹಟ. ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಲೇ ಹತ್ತಿದಾಗ ಅವನು ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಪುಟ್ಟಿ ಮಾತ್ರ ಅಜ್ಜಿಯ ಕೈ ಬಿಟ್ಟಿರಲಿಲ್ಲ.

ವಾಪಸು ದಾರಿಯಲ್ಲಿ ಇಬ್ಬರದೂ ಅದೇ ಮಾತು. "ಬೀಸುವಾಗ ಇನ್ನೂ ನಿಧಾನ ಅಲ್ವಾ ಅಜ್ಜಿ?" "ಕಾಳು ಹಾಕಿದಾಗ ನಿಧಾನ. ಬರಿಗಲ್ಲು ಕರಕರ ಅನ್ನುತ್ತೆ. ಒಂದು ಹಿಡಿ ರಾಗಿ ಬಿದ್ದ ಕೂಡ್ಲೆ ಸದ್ದು ದಪ್ಪ ಆಗುತ್ತೆ. ಎಲ್ಲಿ, ಆ ಥರ ಹಾಡು ನೋಡೋಣ." ಪುಟ್ಟಿ ಹಾಡಿದಳು. "ಇನ್ನೂ ದಪ್ಪ" ಅಂದರು ಅತ್ತೆ. ಮತ್ತೆ ಹಾಡಿದಳು. ಹುಣಸೂರು ಬಂತು, ಪಿರಿಯಾಪಟ್ಟಣ ಬಂತು. ಕೊಪ್ಪದ ಸೇತುವೆ ಬರುವ ಹೊತ್ತಿಗೆ ಮಕ್ಕಳಿಬ್ಬರೂ ನಿದ್ದೆ ಹೋಗಿದ್ದರು. ಆನೆಕಾಡಿನಲ್ಲಿ ಇವರು ಕಿಟಕಿ ಏರಿಸಿ, ಎಲ್ಲೂ ನಿಲ್ಲಿಸದೆ ಬಂದರು.

ಮನೆ ಮುಟ್ಟಿದಾಗ ಹತ್ತೂವರೆ. ಚಳಿ. ಇವರು ಚಪ್ಪಲಿಯನ್ನೂ ಬಿಡದೆ ಟಾರ್ಚ್ ಹಿಡಿದು ಕಣಕ್ಕೆ ಹೋದರು. ಟಾರ್ಪಾಲು ಸರಿಯಾಗಿ ಮುಚ್ಚಿತ್ತು, ಅಂಚಿಗೆ ಕಲ್ಲು ಇಟ್ಟಿದ್ದರು ಅಣ್ಣ. ಒಂದು ಮೂಲೆ ಎತ್ತಿ ಒಂದು ಹಿಡಿ ಚೆರಿ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. ಪೂರ್ತಿ ಒಣಗಿದ್ದರೆ ಒಳಗಿನ ಬೀಜ ಗಲಗಲ ಅನ್ನಬೇಕು.

ಅತ್ತೆ ಜಗಲಿಯಿಂದಲೇ ಕೈ ಚಾಚಿದರು. "ಇಲ್ಲಿ ಕೊಡು, ನಾನು ಕೇಳ್ತೀನಿ."

ಕೇಳಿದರು. "ಇನ್ನೂ ಎರಡು ಬಿಸಿಲು ಬೇಕು" ಅಂದರು.