ಜಾಮ್ ಬಾಟಲಿಯ ಕಣಜಗಳು: ಇಲ್ಲಿಯವರೆಗಿನ ಕತೆ

ದಿನ 1
ಮಂಡ್ಯದ ಚಿಕ್ಕಪ್ಪ ಕಬ್ಬಿನ ಸುಳಿ ಕೊರಕ ಹುಳದ ಕಾಟಕ್ಕೆ ಅಂತ ಟ್ರೈಕೋ ಕಾರ್ಡ್, ಅಂದರೆ ಪುಟ್ಟ ಕಣಜಗಳು ಬೆಳೆಯುವ ಮೊಟ್ಟೆ ಅಂಟಿಸಿದ ಕಾಗದ, ತಂದಿದ್ದರು. ಅದರಲ್ಲಿ ಒಂದು ಪಟ್ಟಿ ಕತ್ತರಿಸಿ ನನಗೆ ಕೊಟ್ಟರು. "ಕಣ್ಣಿಗೆ ಕಾಣದ ಹುಳಕ್ಕೆ ದುಡ್ಡು ಕೊಟ್ಟಿದ್ದೀನಿ ಕಣಮ್ಮ, ಒಳಗೆ ಏನಾದ್ರೂ ಇದೆಯಾ ನೋಡಿ ಹೇಳು" ಅಂದರು.

ಇಡೀ ಕಾರ್ಡಿನಲ್ಲಿ ಸುಮಾರು 20 ಸಾವಿರ ಮೊಟ್ಟೆ ಅಂಟಿಸಿರುತ್ತಾರೆ. ಮೊಟ್ಟೆ ಅಕ್ಕಿ ಪತಂಗದ್ದು. ಒಳಗೆ ಬೆಳೆಯುತ್ತಿರುವುದು ಟ್ರೈಕೋಗ್ರಾಮಾ ಕಿಲೋನಿಸ್ ಎಂಬ ಕಣಜ. ತಾಯಿ ಕಣಜ ಆ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಮರಿ ಒಳಗಿರುವುದನ್ನೆಲ್ಲ ತಿಂದು, ಅಲ್ಲೇ ಕೋಶವಾಗಿ, ರೆಕ್ಕೆ ಮೂಡಿದ ಮೇಲೆ ಗೋಡೆ ಕೊರೆದು ಹೊರಗೆ ಬರುತ್ತದೆ. ಗದ್ದೆಯಲ್ಲಿ ಕೊರಕದ ಮೊಟ್ಟೆಗೂ ಇದೇ ಗತಿ. ಮೊಟ್ಟೆ ಮಸಿಯಂತೆ ಕಪ್ಪಾಗಿದ್ದರೆ ಒಳಗೆ ಕಣಜ ಇದೆ ಅಂತ ಲೆಕ್ಕ.

ದಿನ 2
ಇರುವೆ! ಕಿಟಕಿಯ ಮೇಲೆ ಸುಮ್ನೆ ಇಟ್ಟಿದ್ದೆ, ಅರ್ಧ ಪಟ್ಟಿ ಖಾಲಿ. ಗದ್ದೆಯಲ್ಲೂ ಇದೇ ಗೋಳಂತೆ. ಉಳಿದದ್ದನ್ನು ಜಾಮ್ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ನೀರಿನ ತಟ್ಟೆಯ ನಡುವೆ ಇಟ್ಟೆ. ಬೆಲ್ಲದ ಡಬ್ಬಿಗೆ ಅಜ್ಜಿ ಮಾಡುತ್ತಿದ್ದ ಉಪಾಯ.

ದಿನ 4
ಬಂದವು! ಬರಿಗಣ್ಣಿಗೆ ಬಾಟಲಿಯಲ್ಲಿ ಧೂಳು ಓಡಾಡಿದಂತೆ ಕಾಣುತ್ತದೆ. ಸತ್ತ ಎರಡನ್ನು ಸ್ಟೀಲ್ ಸ್ಕೇಲಿನ ಮೇಲೆ ಉದ್ದಕ್ಕೆ ಮಲಗಿಸಿದೆ. ಒಂದೇ ಮಿಲಿಮೀಟರಿನ ಗೆರೆಗಳ ನಡುವೆ ಎರಡೂ ಹಿಡಿದವು. ಫೋನಿಗೆ ಸಿಕ್ಕಿಸುವ ಲೆನ್ಸಿನಲ್ಲಿ ಕೆಂಪು ಕಣ್ಣು ಕಂಡಿತು. ರೆಕ್ಕೆಯ ಅಂಚಿನಲ್ಲಿ ಕೂದಲಿನ ಜಾಲರಿ. ರೆಕ್ಕೆಯ ಮೇಲೂ ಸಾಲು ಸಾಲು ಕೂದಲು. ಟ್ರೈಕೋಗ್ರಾಮಾ ಎಂಬ ಹೆಸರೇ ಗ್ರೀಕಿನ ಕೂದಲು, ಗೆರೆ ಎಂಬ ಮಾತುಗಳಿಂದ ಬಂದದ್ದು. ಇಷ್ಟು ಸಣ್ಣ ಮೈಗೆ ಗಾಳಿ ಪಾಕದಂತೆ ಅಂಟಂಟು, ಹಾಗಾಗಿ ಹಾರುವುದಕ್ಕಿಂತ ಈಜುವುದೇ ಜಾಸ್ತಿ.

ಅರ್ಧ ಮಿಲಿಮೀಟರೇ ಕೊನೆ ಅಂದುಕೊಂಡಿದ್ದೆ. ಅಲ್ಲ. ಥ್ರಿಪ್ಸ್ ಮೊಟ್ಟೆಯಲ್ಲಿ ಬೆಳೆಯುವ ಮೆಗಾಫ್ರಾಗ್ಮಾ ಎಂಬ ಕಣಜ 0.2 ಮಿಲಿಮೀಟರ್. ನಮ್ಮ ಮೆಣಸಿನ ಗಿಡ ಮುರುಟಿಸುವ ಥ್ರಿಪ್ಸ್ ಎಷ್ಟು ಸಣ್ಣದು ಅಂತ ಗೊತ್ತಲ್ಲ, ಅಂಥದ್ದರ ಮೊಟ್ಟೆ! ಈ ಕಣಜಕ್ಕೆ ಇರುವುದು ಸುಮಾರು 7,400 ನರಕೋಶ. ಜೇನುನೊಣಕ್ಕೆ ಹತ್ತಿರ ಹತ್ತಿರ ಹತ್ತು ಲಕ್ಷ. ಮೆಗಾಫ್ರಾಗ್ಮಾ ಜಾಗ ಉಳಿಸಲು ಬಹುತೇಕ ನರಕೋಶಗಳ ನ್ಯೂಕ್ಲಿಯಸ್ಸನ್ನೇ ಕಳೆದುಕೊಳ್ಳುತ್ತದೆ ಅಂತ ರಷ್ಯಾದ ಅಲೆಕ್ಸಿ ಪೊಲಿಲೋವ್ 2012ರಲ್ಲಿ ತೋರಿಸಿದರು. ಡೈಕೋಪೊಮಾರ್ಫಾ ಎಂಬ ಇನ್ನೊಂದು ಕಣಜದ ಗಂಡುಗಳಲ್ಲಿ ಅತಿ ಸಣ್ಣದು ಬರೀ 0.139 ಮಿಲಿಮೀಟರ್. ಅದಕ್ಕೆ ಕಣ್ಣೂ ಇಲ್ಲ, ರೆಕ್ಕೆಯೂ ಇಲ್ಲ.

ದಿನ 5
ಬಾಲ್ಯ ಪೂರ್ತಿ ಒಂದು ಮೊಟ್ಟೆಯೊಳಗೆ ಕಳೆಯಬೇಕು. ಅಲ್ಲಿರುವ ಊಟ ಎಷ್ಟೋ ಮೈ ಅಷ್ಟೇ, ಅಲ್ವಾ? ಹಾಗಾದರೆ ದೊಡ್ಡ ಮೊಟ್ಟೆ ಕೊಟ್ಟರೆ ದೊಡ್ಡ ಕಣಜ ಬರಬೇಕು. ತಾರಸಿಯ ನಿಂಬೆ ಗಿಡದಲ್ಲಿ ಚಿಟ್ಟೆಯೊಂದು ಆಗಷ್ಟೇ ಇಟ್ಟ ಮೊಟ್ಟೆ ಸಿಕ್ಕಿತು. ರಾಗಿ ಕಾಳಿನಷ್ಟು, ಅಕ್ಕಿ ಪತಂಗದ ಮೊಟ್ಟೆಯ ಮುಂದೆ ಬಂಗಲೆ. ಎಲೆಯ ಸಮೇತ ಬಾಟಲಿಗೆ ಇಳಿಸಿದೆ. ಗಾಜಿಗೆ ಒಂದು ಗೆರೆ ಜೇನುತುಪ್ಪ ಸವರಿದೆ, ಇಲ್ಲದಿದ್ದರೆ ಎರಡು ಮೂರು ದಿನಕ್ಕೇ ಸಾಯುತ್ತವೆ. ಒಂದು ಹೆಣ್ಣು ಮೊಟ್ಟೆಯ ಮೇಲೆ ಹತ್ತಿ, ಮೀಸೆ ಬಡಿಯುತ್ತಾ ಸುತ್ತಿದ್ದೇ ಸುತ್ತಿದ್ದು.

ದಿನ 9
ಚಿಟ್ಟೆ ಮೊಟ್ಟೆ ಕಪ್ಪಾಗಿದೆ. ಕಂಬಳಿಹುಳ ಬರಲಿಲ್ಲ. ಸ್ವಲ್ಪ ಪಾಪ ಅನ್ನಿಸಿತು.

ದಿನ 14
ಎರಡು ತೂತು. ಹೊರಗೆ ಬಂದದ್ದು ಒಂದು ದೊಡ್ಡ ಕಣಜ ಅಲ್ಲ, ಆರು ಪುಟ್ಟವು! ಸ್ಕೇಲಿನಲ್ಲಿ ಹಳೆಯವಕ್ಕೂ ಇವಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಆಮೇಲೆ ಓದಿದಾಗ ಗೊತ್ತಾಯಿತು: ತಾಯಿ ಹಾಗೆ ಸುತ್ತುವುದು ಮೊಟ್ಟೆಯ ಅಳತೆ ತೆಗೆಯಲು. ದೊಡ್ಡದಾದರೆ ಅದರೊಳಗೆ ಹೆಚ್ಚು ಮೊಟ್ಟೆ ಇಡುತ್ತಾಳೆ. ಹೆಚ್ಚಿನ ಊಟ ಮೈಗೆ ಹೋಗುವ ಬದಲು ಮಕ್ಕಳ ಲೆಕ್ಕಕ್ಕೆ ಹೋಯಿತು. ಮುಂದಿನ ಸಲ ಪತಂಗದ ಮೊಟ್ಟೆಯೊಳಗಿಂದ ಬಂದವನ್ನೂ ಬೇರೆ ಇಟ್ಟು, ಸರಿಯಾದ ಮೈಕ್ರೋಸ್ಕೋಪಿನಲ್ಲಿ ಅಳೆಯಬೇಕು.

ಆರರ ಫೋಟೋ ಚಿಕ್ಕಪ್ಪನಿಗೆ ಕಳಿಸಿದೆ. "ಎಲ್ಲಮ್ಮ ಹುಳ?" ಅಂತ ಉತ್ತರ ಬಂತು. ಬಾಣದ ಗುರುತು ಹಾಕಿ ಮತ್ತೆ ಕಳಿಸಬೇಕು.